ಅಸ್ನೋಟಿ ಬಿಟ್ಟ ಮೇಲೆ

ಗಾಳಿ ತೆಂಕಣದ್ದಾದರೆ
ಕಾಳಿ ಸೇತುವೆಯ ಮೇಲಿರುವಾಗಲೇ ಕೇಳುತ್ತದೆ ರೈಲು.
ಇಲ್ಲದಿದ್ದರೆ ಕಪಾಟಿನ ಸ್ಟೀಲು ಲೋಟಗಳು
ಒಂದಕ್ಕೊಂದು ತಾಗಿ ಹೇಳುತ್ತವೆ:
ಓಡು, ಜಡೆ ಆಮೇಲೆ ಹಾಕಿಕೊ.

ಅಷ್ಟರಲ್ಲಿ ಬುತ್ತಿಯ ಮುಚ್ಚಳ ಬಿಗಿದಿರಬೇಕು,
ಪಾಸು ಪರ್ಸಿನಲ್ಲಿರಬೇಕು,
ಹಿತ್ತಲ ಬೇಲಿಯ ಕಿಂಡಿ ನುಸುಳಿ
ಜಲ್ಲಿಯ ಮೇಲೆ ಚಪ್ಪಲಿ ಜಾರದಂತೆ ಇನ್ನೂರು ಹೆಜ್ಜೆ.
ಸ್ಟೇಷನ್ ಪಕ್ಕದ ಮನೆಯವರೇ ಯಾವಾಗಲೂ
ಕೊನೆಗೆ ಏದುಸಿರು ಬಿಟ್ಟು ಹತ್ತುವವರು.
ಮಾಜಾಳಿಯಿಂದ ಸ್ಕೂಟರಿನಲ್ಲಿ ಬರುವ ಸುಗಂಧಾ
ಅರ್ಧ ತಾಸು ಮೊದಲೇ ಬೆಂಚಿನ ಮೇಲೆ ಕೂತು
ಅಬ್ಬಲಿಗೆ ಕಟ್ಟಿ ಮುಗಿಸಿರುತ್ತಾಳೆ.

ಮೂರನೇ ಬೋಗಿ, ಎಡದ ಕಿಟಕಿ.
ಮೈಮೂನಾ ಕಾರವಾರದಿಂದಲೇ ಚೀಲ ಇಟ್ಟು ಹಿಡಿದ ಜಾಗ.
ಫಿಲೋಮಿನ್ ಬೆಳ್ಳುಳ್ಳಿ ಸುಲಿಯುತ್ತಾಳೆ,
ಸುರಂಗದ ಗಾಳಿಗೆ ಸಿಪ್ಪೆಯೆಲ್ಲ ನಮ್ಮ ತಲೆಯ ಮೇಲೆ.
ಆಮೇಲೆ ವೆರ್ಣಾದಲ್ಲಿ
ಅದೇ ತಲೆಗಳಿಗೆ ಹಸಿರು ಟೊಪ್ಪಿ ಹಾಕಿ
ಜ್ವರದ ಗುಳಿಗೆ ಎಣಿಸುತ್ತೇವೆ ಸಂಜೆಯ ತನಕ.
ಹತ್ತು, ಹತ್ತು, ಹತ್ತು.

ಹೇಳಬೇಕೆಂದಿದ್ದು ಇದಲ್ಲ.

ಸ್ಟೇಷನ್ ಬಿಟ್ಟ ಕೂಡಲೆ, ವೇಗ ಹಿಡಿಯುವ ಮುಂಚೆ,
ಎಡಕ್ಕೆ ಬರುತ್ತದೆ ನನ್ನದೇ ಮನೆ. ನಾಲ್ಕು ಸೆಕೆಂಡು.
ಒಳಗಿದ್ದಾಗ ಕಣ್ಣಿಗೆ ಬೀಳದ್ದೆಲ್ಲ ಬೀಳುತ್ತದೆ ಆಗ:
ಜಾರಿದ ಒಂದು ಹಂಚು,
ಹಗ್ಗದ ಮೇಲೆ ನಿನ್ನೆಯ ಲಂಗ,
ಬಾವಿಕಟ್ಟೆಯ ಬಳಿ ಮಾಯಿ, ನನ್ನ ಅತ್ತೆ,
ಕೈಯಲ್ಲಿ ಟಾರ್ಚು, ಮುಖ ರೈಲಿನ ಕಡೆ.
ನಾನು ಕೈ ಎತ್ತುತ್ತೇನೆ. ಅವಳು ಎತ್ತುವುದಿಲ್ಲ.
ಒಂಬತ್ತು ವರ್ಷ ಹೀಗೇ.

ರೈಲೆಂದರೆ ಅವಳಿಗೆ ಇನ್ನೂ ಸಿಟ್ಟು ಅಂದುಕೊಂಡಿದ್ದೆ.
ಹಳಿ ಬಿದ್ದದ್ದು ಅವಳ ಸಸಿಮಡಿಯ ಮೇಲೆ,
ಸಿಗ್ನಲ್ ಕಂಬ ನಿಂತದ್ದು ದೊಡ್ಡ ಗದ್ದೆಯ ನಡುವೆ.
ಬೆಳಿಗ್ಗೆ ಅಂಗಳದಿಂದ ಕೂಗುತ್ತಾಳೆ ಈಗಲೂ:
"ಗದ್ದೆ ಕೆಂಪಿದೆ, ಚಾ ಕುಡಿ."
"ಗದ್ದೆ ಹಸಿರಾಯಿತು, ಓಡು."

ಹೋದ ಕಾರ್ತಿಕದಲ್ಲಿ ಜ್ವರ ಬಂತು ನನಗೆ.
ಬಹುಶಃ ನಾನೇ ಎಣಿಸಿದ್ದ ಗುಳಿಗೆ ನುಂಗಿ ಮಲಗಿದ್ದೆ.
ಲೋಟಗಳು ಕರೆದವು, ಕಾಲು ತಡೆಯಲಿಲ್ಲ,
ಕಂಬಳಿ ಹೊದ್ದು ಅಂಗಳಕ್ಕೆ ಬಂದೆ.
ಇನ್ನೂ ಕತ್ತಲು.
ದೀಪ ಹಚ್ಚಿದ ಅಂಗಡಿಸಾಲಿನ ಹಾಗೆ ಬಂತು ರೈಲು.
ಮೂರನೇ ಬೋಗಿ. ಚಳಿಗೆ ಗಾಜು ಇಳಿಸಿದ್ದರು.
ಸುಗಂಧಾ ಆಕಳಿಸುತ್ತಿದ್ದಳು.
ನನ್ನ ಜಾಗದಲ್ಲಿ ಮೈಮೂನಾಳ ಚೀಲ
ನನಗಿಂತ ನೆಟ್ಟಗೆ ಕೂತಿತ್ತು.
ಕೈ ಬೀಸಿದೆ. ಕೂಗಿದೆ.
ಫಿಲೋಮಿನ್ ನನ್ನನ್ನೇ ದಿಟ್ಟಿಸಿ
ಗಾಜಿನಲ್ಲಿ ತನ್ನ ಹಲ್ಲು ನೋಡಿಕೊಂಡಳು.

ಹಾಗಾದರೆ ಕಾರ್ತಿಕದಿಂದ ಮಾಘದವರೆಗೆ ವರ್ಷವೂ
ನಾನು ಕೈ ಎತ್ತಿದ್ದು ನನ್ನ ಮುಖಕ್ಕೇ.
ಆ ಹಂಚು, ಆ ಲಂಗ,
ಬೇಸಿಗೆಯಲ್ಲಿ ಕಂಡದ್ದನ್ನೇ
ಕಪ್ಪು ಗಾಜಿಗೆ ಅಂಟಿಸಿಕೊಂಡು ಹೋಗುತ್ತಿದ್ದೆ.

ಪಕ್ಕದಲ್ಲಿ ಮಾಯಿ ನಿಂತಿದ್ದಳು, ಟಾರ್ಚು ಆರಿಸಿ.
"ಚಳಿಗಾಲದಲ್ಲಿ ಚೆನ್ನಾಗಿ ಕಾಣುತ್ತೀ," ಅಂದಳು.
"ಪಿನ್ನು ಹಲ್ಲಲ್ಲಿ ಕಚ್ಚಿ ಜಡೆ ಹಾಕುವುದು ಎಲ್ಲ.
ಒಂದು ದಿನ ಅಳುತ್ತಿದ್ದಿ. ನಾನು ಕೇಳಲಿಲ್ಲ."

ಮತ್ತೆ ಕೈ ಯಾಕೆ ಎತ್ತುವುದಿಲ್ಲ ನೀನು?

"ಟಾರ್ಚು ಹಿಡಿದು ಕೈ ಎತ್ತಿದರೆ
ಏನೋ ಅಪಾಯವೆಂದು ರೈಲು ನಿಲ್ಲಿಸಿಬಿಟ್ಟರೆ?
ನಿನ್ನ ಅರ್ಧ ದಿನದ ಪಗಾರ ಹೋಗುತ್ತದೆ."

ಜ್ವರ ಬಿಟ್ಟು ಮೂರನೆಯ ದಿನ
ಚೀಲ ಎತ್ತಿ ಜಾಗ ಕೊಟ್ಟಳು ಮೈಮೂನಾ.
ರೈಲು ಹೊರಟಿತು.
ಕಿಟಕಿಯ ಕಡೆ ತಿರುಗಿ ಕೂತು
ಮೂರು ಕಾಲು ಬಿಡಿಸಿ, ನಿಧಾನವಾಗಿ ಹೆಣೆದುಕೊಂಡೆ.

"ಹೊರಗೆ ಕತ್ತಲು ತಾನೆ," ಅಂದಳು ಫಿಲೋಮಿನ್,
"ಯಾರಿಗೆ ತೋರಿಸುತ್ತೀ ಶೃಂಗಾರ?"

ಬೆಳ್ಳುಳ್ಳಿ ಇತ್ತ ಕೊಡು, ಅಂದೆ,
ನಾನೂ ನಾಲ್ಕು ಸುಲಿಯುತ್ತೇನೆ.