ಮಳೆ ಲೆಕ್ಕದ ಪುಸ್ತಕ

ದಿನಾ ಬೆಳಿಗ್ಗೆ ಎಂಟೂವರೆಗೆ ಮಂಡಿಯೂರುತ್ತೇನೆ.
ಭಕ್ತಿಗಲ್ಲ ಮೊದಲಿಗೆ, ಅಳತೆಗೆ.
ಮಳೆಮಾಪಕದ ಬಾಯಿ ಬಿಚ್ಚಿ
ಗಾಜಿನ ಲೋಟಕ್ಕೆ ನೀರು ಸುರಿದು
ಕಲ್ಲಿನ ಮೇಲಿಟ್ಟು
ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಬೇಕು.
"ನಿಂತು ನೋಡಿದರೆ ಗಾಜು ಸುಳ್ಳು ಹೇಳುತ್ತೆ,"
ಅನ್ನುತ್ತಿದ್ದ ಇನಾಸಣ್ಣ.
ಇಪ್ಪತ್ತಾರು ವರ್ಷ ಅವನದೇ ಈ ಕೆಲಸ,
ಮಾದಾಪುರದ ಮೇಲಿನ ಈ ತೋಟದಲ್ಲಿ.

ಇಷ್ಟು ಇಂಚು, ಇಷ್ಟು ಸೆಂಟು.
ಮಳೆ ಬಾರದ ದಿನವೂ ಬಿಡುವಂತಿಲ್ಲ,
ಸೊನ್ನೆ ಬರೆಯಬೇಕು.
"ಬರಲಿಲ್ಲ ಅನ್ನೋದೂ ಒಂದು ಸುದ್ದಿಯೇ, ನತಾಲಿ."

ಅವನ ಕೈಯ ಕೊನೆಯ ಸಾಲು ಆಗಸ್ಟಿನದು:
ಹನ್ನೊಂದು ಇಂಚು, ನಲವತ್ತು ಸೆಂಟು.
ನಲವತ್ತರ ಸೊನ್ನೆ ಪೂರ್ತಿ ಮುಚ್ಚಿಲ್ಲ.
ಅವಸರವಿತ್ತು,
ಲೈನ್ ಮನೆಯವರನ್ನೆಲ್ಲ ಎಬ್ಬಿಸಿ ಕೆಳಗೆ ಕಳಿಸಬೇಕಿತ್ತು.
ಎಲ್ಲರೂ ಇಳಿದರು.
ಅವನು ಯಾರದೋ ಮೇಕೆಯ ಕಟ್ಟು ಬಿಚ್ಚಲು
ಮತ್ತೆ ಹತ್ತಿದ.
ಬೆಟ್ಟ ಇಳಿಯಿತು.

ಆಮೇಲೆ ಹದಿನೇಳು ಸಾಲು ಖಾಲಿ.
"ಅಂದಾಜಿನಲ್ಲಿ ತುಂಬಿಬಿಡಮ್ಮ," ಅಂದರು
ಮ್ಯಾನೇಜರ್ ಚೀಯಣ್ಣ, ಪೆನ್ನು ಕೊಡುತ್ತಾ.
ನಾನು ತುಂಬಲಿಲ್ಲ.
ಯಾರೂ ಮಂಡಿಯೂರದ ದಿನಗಳು ಅವು,
ಹಾಗೇ ಇರಲಿ.

ಸುಂಟಿಕೊಪ್ಪದಿಂದ ಫಾದರ್ ಬಂದರು ಸಮಾಧಾನಕ್ಕೆ.
ಕೇಳಿದೆ: ಹಡಗಿನಿಂದ ಇಳಿದ ಆ ಮುದುಕನಿಗೆ
ಬಿತ್ತನೆ ನಿಲ್ಲದು, ಕುಯ್ಲು ನಿಲ್ಲದು ಎಂದು ಕೊಟ್ಟ ಮಾತು
ನಮ್ಮ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ
ಮುಗಿದುಹೋಯಿತೇ?
ಅವರು ಕಾಫಿ ಲೋಟ ತಿರುಗಿಸುತ್ತ ಕೂತರು.
ಉತ್ತರ ಹೇಳದೆ ಎದ್ದು ಹೋದದ್ದಕ್ಕೇ
ಇವತ್ತಿಗೂ ನನಗೆ ಅವರ ಮೇಲೆ ಪ್ರೀತಿ.

ಮಾರ್ಚ್. ತಪಸ್ಸುಕಾಲ.
ಪೀಠದ ಮೇಲೆ ಹೂವಿಲ್ಲ, ನೇರಳೆ ಬಟ್ಟೆ ಮಾತ್ರ.
ತೋಟದಲ್ಲಿ ಎಲೆ ಜೋತು, ಗೆಣ್ಣುಗೆಣ್ಣಿಗೂ
ಮೊಗ್ಗು ಬಿಗಿದ ಮುಷ್ಟಿ.
ಮಂಗಳವಾರ ಸಂಜೆ ಗುಡುಗಿ
ಬಂತು ಹೂಮಳೆ.
ನಾನು ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಕೂತಿದ್ದೆ,
ಅದನ್ನೂ ಹೇಳಬೇಕು.

ಬೆಳಿಗ್ಗೆ ಅಳೆದೆ: ಒಂದು ಇಂಚು, ಹನ್ನೆರಡು ಸೆಂಟು.
ಅದೇ ನೀರು. ಅದೇ ಲೋಟ.
ಕಾಫಿ ಕುಯ್ಯುವ ಲಕ್ಕಿ ಬೆರಳು ಮಡಚಿ ಎಣಿಸಿ
"ಬರೋ ಗುರುವಾರ," ಅಂದಳು,
ಬಸ್ಸಿನ ಹೊತ್ತು ಹೇಳುವವಳ ಹಾಗೆ.

ಅವತ್ತೇ ಶುರು ಮಾಡಿದೆ ಅಣ್ಣನಿಗೆಂದು ನೊವೆನಾ.
ಮೊದಲ ದಿನ ಬಾಯಿಪಾಠ.
ಮೂರನೆಯ ದಿನ ನಿದ್ದೆ ಬಂತು ನಡುವೆ.
ಐದನೆಯ ದಿನ ಜಗಳ ಆಡಿದೆ, ಜೋರಾಗಿಯೇ,
ಪಕ್ಕದ ಮನೆಯವರು ದೀಪ ಹಾಕುವಷ್ಟು.
ಏಳು, ಎಂಟು: ಬರೀ ಮಣಿ ಸರಿಸಿದೆ.
ಹೊರಗೆ ಕತ್ತಲಲ್ಲಿ ಮೊಗ್ಗು ನನ್ನ ಜೊತೆಗೇ ಎಣಿಸುತ್ತಿತ್ತು,
ನನಗಿಂತ ನೆಟ್ಟಗೆ.

ಗುರುವಾರ ಕಿಟಕಿ ತೆಗೆದರೆ
ಯಾರ ಅಪ್ಪಣೆಯೂ ಇಲ್ಲದೆ
ಈಸ್ಟರಿಗೂ ಕಾಯದೆ
ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ.
ಮಣ್ಣು ಜಾರಿದ ಕೆಂಪು ಗಾಯದ ಅಂಚಿನವರೆಗೂ ಬಂದು
ಅಲ್ಲಿ ನಿಂತಿತ್ತು ಹೂವು.
ದುಂಬಿಗಿಂತ ಮೊದಲು ಘಮ, ಘಮಕ್ಕಿಂತ ಮೊದಲು
ನನ್ನ ಅಳು.

ಕ್ಷಮೆ ಕೇಳಲು ಬಂದ ಹೂವಲ್ಲ ಅದು.
ಮಳೆ ದೇವರಲ್ಲ, ಬೆಟ್ಟವೂ ಅಲ್ಲ.
ಎರಡಕ್ಕೂ ಅಣ್ಣನ ಹೆಸರು ಗೊತ್ತಿಲ್ಲ.
ಆದರೆ ಕಣ್ಣಿಲ್ಲದ, ಕ್ಯಾಲೆಂಡರಿಲ್ಲದ ಮೊಗ್ಗಿಗೆ
ಒಂಬತ್ತರ ತನಕ ಎಣಿಸಲು ಕಲಿಸಿದ ಒಬ್ಬನಿದ್ದಾನೆ;
ಅವನು ಲೆಕ್ಕ ತಪ್ಪಿದ್ದನ್ನು
ಇಪ್ಪತ್ತಾರು ವರ್ಷದ ಪುಸ್ತಕ ತಿರುವಿದರೂ
ನಾನು ಕಾಣಲಿಲ್ಲ.

ಅಣ್ಣನೂ ಈಗ ಮಣ್ಣಲ್ಲಿ,
ಮಳೆ ಇಳಿಯುವ ಕಡೆಗೇ.
ಎಷ್ಟನೆಯ ದಿನ ಎಂದು ನನಗೆ ಗೊತ್ತಿಲ್ಲ.
ಎಣಿಸುತ್ತಿರುವವನಿಗೆ ಗೊತ್ತು.

ಮೂರೇ ದಿನ, ಹೂವು ಕಂದಿ ಉದುರಿತು.
ಮಳೆ ಮತ್ತೆ ಬಂದಿಲ್ಲ, ಬರುತ್ತದೆ.
ಇವತ್ತು ಮಂಡಿಯೂರಿ ನೋಡಿದೆ, ಒಣ ಲೋಟ,
ತಳದಲ್ಲಿ ಒಂದು ಇರುವೆ.
ಸೊನ್ನೆ ಬರೆದೆ.
ಪೂರ್ತಿ ಮುಚ್ಚದೆ.