ಪೆರ್ದೆಬಾಯ್ ತಂದ ಡಿಸ್ಕು

ನುಕುಸ್ ಪೇಟೆಯಲ್ಲಿ, ಕಲ್ಲಂಗಡಿ ಗಾಡಿಗಳ ಪಕ್ಕ
ನನ್ನ ಅಂಗಡಿ. ಕರವಸ್ತ್ರದಲ್ಲಿ ಸುತ್ತಿ ತಂದರು,
ಮೊಟ್ಟೆ ತರುವ ಹಾಗೆ.
"ಮೊಮ್ಮಗನಲ್ಲ, ನಾನೇ" ಅಂದರು ಪೆರ್ದೆಬಾಯ್.
"ಖಚಿತವೇ ಅಂತ ಕೇಳಿತು. ಹೌದಂದೆ.
ಮದುವೆಗೂ ಹೀಗೇ ಅಂದಿದ್ದೆ, ಯೋಚಿಸದೆ."

ಹೆದರಬೇಡಿ ಅಂದೆ. ಫಾರ್ಮ್ಯಾಟ್ ಅಂದರೆ
ಮನೆ ಕೆಡವಿದ್ದಲ್ಲ, ಬಾಗಿಲ ನಂಬರು ಒರೆಸಿದ್ದು.
ಒಳಗಿನವರು ಒಳಗೇ ಇರುತ್ತಾರೆ,
ಬೇರೆ ಯಾರೂ ಬಂದು ಬಿಡಾರ ಹೂಡದಿದ್ದರೆ.

ರಾತ್ರಿಯಿಡೀ ಓಡಿತು.
ಶೇಕಡಾ ನಾಲ್ಕು. ನಾಲ್ಕು. ನಾಲ್ಕು. ಐದು.
ಸ್ಟೂಲು ಬಿಟ್ಟು ಏಳಲಿಲ್ಲ ಅವರು.
ಹೊರಗೆ ಉಪ್ಪುಗಾಳಿ, ಇಲ್ಲದ ಸಮುದ್ರದ್ದು;
ಕೀಬೋರ್ಡಿನ ಸಂದಿಗೂ ಇಳಿಯುತ್ತದೆ ಅದು.

ಬೆಳಗಿಗೆ ಬಂದವು ಒಂದೊಂದೇ, ಹೆಸರು ಕಳಕೊಂಡು
ಬರೀ ಅಂಕಿ ತೊಟ್ಟು, ಕೈದಿಗಳಂತೆ.
ಮುಯ್ನಾಕಿನ ದೋಣಿ, ಮೇಲರ್ಧ ಮಾತ್ರ, ಕೆಳಗೆಲ್ಲ ಬೂದು.
"ಸರಿಯಾಗೇ ಇದೆ. ಆಗಲೇ ಅಡಿಯಲ್ಲಿ ನೀರಿರಲಿಲ್ಲ."
ಆಮೇಲೆ ಹೆಂಡತಿ, ಒಣಗಿಸಲು
ಖರಬೂಜದ ಸೀಳುಗಳ ಜಡೆ ಹೆಣೆಯುತ್ತ
ಹನ್ನೊಂದು ಸೆಕೆಂಡು:
"ಶುರುವಾಯ್ತಾ? ಏನು ಹೇಳಲಿ? ಶುರು..."

ಏಳು ಸಲ ಹಾಕಿಸಿದರು. ನಾನು ಚಹಾಕ್ಕೆ ಹೋದೆ.

ಡಿಸ್ಕು ಸೆಕೆಂಡ್‌ಹ್ಯಾಂಡು. ತಳ ಕೆರೆದಾಗ
ಹಿಂದಿನ ಮನೆಯವರೂ ಎದ್ದುಬಂದರು:
ಹಲ್ಲು ಬಿದ್ದ ಹುಡುಗಿ, ಕೇಕಿನ ಮುಂದೆ;
ಅವಳದೇ ಇರಬೇಕು, ಒಂದು ಹಾಳೆ ಭಾಗಾಕಾರ,
ಮೂರನೆಯದು ತಪ್ಪು.
ಇವನ್ನು ತೆಗೆಯಲೇ, ಕೇಳಿದೆ.
ನನ್ನ ಮಣಿಕಟ್ಟು ಹಿಡಿದರು ಮುದುಕ, ಗಟ್ಟಿಯಾಗಿ.
"ಅವಳೂ ಇರಲಿ. ಯಾರೋ ಹುಡುಕುತ್ತಿರಬಹುದು."

ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ,
"ಆ ಲೆಕ್ಕ ತಿದ್ದಿಲ್ಲ ತಾನೆ?"