ಸಿಂಬಿ

ಲೀಡ್ಸಿನ ಹಾಲ್ಬೆಕ್‌ನಲ್ಲಿ, ರೈಲು ಕಮಾನಿನ ಕೆಳಗೆ,
ಹಿಂದೆ ಸೈಕಲ್ ರಿಪೇರಿಯಾಗುತ್ತಿದ್ದ ಗೂಡಿನಲ್ಲಿ
ನಮ್ಮ ಸ್ಟುಡಿಯೋ. ಗೋಡೆಗೆ ಹಳೆಯ ಕಂಬಳಿಗಳು.
ಬ್ರಾಡ್‌ಫರ್ಡಿನ ರೈಲು ಬಂದರೆ ಹಾಡು ನಿಲ್ಲಬೇಕು,
ಹೋದಮೇಲೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ.
ವೇಳಾಪಟ್ಟಿ ನನಗೆ ಬಾಯಿಪಾಠ.
ಗುಂಡಿ ಒತ್ತುವವಳು ನಾನು. ಹಾಡುವವಳು
ಎನ್‌ಜೂಜಿ ಮಾಕಿಯೇಸೆ, ಕಾಂಗೋದ ಮತಾಡಿ ಬಂದರಿನವಳು,
ಗಂಟೆಗೆ ಇಷ್ಟು ಪೌಂಡು, ಬಸ್ ಚಾರ್ಜು ಬೇರೆ.

ಬರುವಾಗ ಬಗಲಲ್ಲೊಂದು ಫ್ಲಾಸ್ಕು, ಶುಂಠಿ ಜಜ್ಜಿದ ನೀರು.
"ಇವತ್ತು ಯಾರ ಮನೆ?" ಅನ್ನುತ್ತಾಳೆ.
ಯಾರ ಹಾಡು ಅನ್ನುವುದಿಲ್ಲ.
ಒಂದು ದಿನ ಶೆಫೀಲ್ಡಿನ ಡ್ರಮ್ಮಿನ ಹುಡುಗರ ಮನೆ,
ಒಂದು ದಿನ ಕನ್ಸರ್ಟಿನಾ ಹಿಡಿದ ಗಡ್ಡದವನದು,
ಒಂದು ದಿನ ಬರೀ ಕಂಪ್ಯೂಟರು, ಮನೆಯಲ್ಲಿ ಯಾರೂ ಇಲ್ಲ.
ಬೂಟು ಹೊರಗೆ ಬಿಟ್ಟು ಒಳಗೆ ಹೋಗುತ್ತಾಳೆ,
ಬರಿಗಾಲಲ್ಲಿ ನಿಂತರೇ ತಾಳ ಮೊಣಕಾಲಿಗೆ ಏರುವುದಂತೆ.

ಅವರಿಗೆ ಬೇಕಾದ್ದು ಹದಿನಾಲ್ಕು ಸೆಕೆಂಡು.
"ಸ್ವಲ್ಪ ಬಿಸಿಲು ಹಾಕಿ" ಎಂದ ಒಬ್ಬ,
"ನದಿಯ ಹಾಗೆ" ಎಂದ ಇನ್ನೊಬ್ಬ, ಯಾವ ನದಿ ಎನ್ನದೆ.
ಆಕೆ ಗಾಜಿನಾಚೆಯಿಂದ ನನಗೆ ಹುಬ್ಬು ಹಾರಿಸಿದಳು.
ಮತಾಡಿಯ ಹತ್ತಿರ ನದಿ ಹಾಡುವುದಿಲ್ಲ, ಬೈಯುತ್ತದೆ,
ಬಂಡೆಗೆ ತಲೆ ಚಚ್ಚಿಕೊಂಡು ಬೈಯುತ್ತದೆ.
ಅದನ್ನೇ ಹಾಡಿದಳು. ಅವರು ಕಣ್ಣು ಮುಚ್ಚಿ ತಲೆದೂಗಿದರು.
ಲಿಂಗಾಲದಲ್ಲಿ ಏನು ಹೇಳಿದೆ ಎಂದು ಆಮೇಲೆ ಕೇಳಿದರೆ,
"ಬಾಡಿಗೆ ಏರಿಸಿದ ಮಾಲೀಕನಿಗೆ ನಾಲ್ಕು ಮಾತು."

ಕವರಿನ ಹಿಂದೆ ಭೂತಗನ್ನಡಿ ಹಿಡಿದು ಹುಡುಕಿದರೆ
ಹೆಚ್ಚುವರಿ ಕಂಠ: ಎನ್. ಮಕಿಸೆ. ಒಂದಕ್ಷರ ಮಾಯ.
ಇನ್ನೊಂದರಲ್ಲಿ "ಮತ್ತು ಗೆಳೆಯರು".
ಊಟವೆಲ್ಲ ಅವರದು, ಉಪ್ಪಿನಕಾಯಿ ಇವಳದು;
ಎಲೆ ಎತ್ತಿದ ಮೇಲೂ ನಾಲಗೆ ಚಪ್ಪರಿಸುವುದು ಯಾವುದನ್ನು?

ನವೆಂಬರಿನ ಒಂದು ಮಂಗಳವಾರ.
"ಡಬಲ್ ಮಾಡೋಣ" ಅಂದರು.
ಅದೇ ಸಾಲು, ಅದೇ ಗಂಟಲು, ಒಂದರ ಮೇಲೊಂದು.
ದಿನಾ ಮಾಡುವ ಕೆಲಸ. ಆವತ್ತು ಮಾತ್ರ
ಆಕೆ ಹೆಡ್‌ಫೋನು ಕಳಚಿ ಮಡಿಲಲ್ಲಿಟ್ಟುಕೊಂಡಳು.

"ಎನ್‌ಜೂಜಿ ಅಂದರೆ ಅವಳಿಯಲ್ಲಿ ಎರಡನೆಯವಳು.
ಮೊದಲು ಬಂದವಳು ಎನ್‌ಸಿಂಬಾ.
ಚರ್ಚಿನಲ್ಲಿ ಸಾಲು ಅವಳು ಎತ್ತುತ್ತಿದ್ದಳು, ನಾನು ಕೆಳಗಿರುತ್ತಿದ್ದೆ.
ಸಿಂಬಾ ಅಂದರೆ ನಮ್ಮ ಮಾತಲ್ಲಿ ಹಿಡಿದುಕೋ.
ಬೆಳಿಗ್ಗೆ ಫೋನು ಬಂತು."

ರೈಲು ಬಂತು. ನಿಂತೆವು.
ಕಮಾನಿನ ಇಟ್ಟಿಗೆಯಿಂದ ಧೂಳು ಉದುರಿತು.
ನನಗೆ ಏನೂ ಹೇಳಲು ತೋಚದೆ,
ನಮ್ಮಲ್ಲೂ ಒಂದು ಸಿಂಬಿ ಇದೆ ಎಂದೆ,
ನೆತ್ತಿಗೂ ಕೊಡಕ್ಕೂ ನಡುವೆ ಸುತ್ತಿಡುವ ಬಟ್ಟೆ.
ನೀರು ಹೊರುವವಳ ಹೆಸರು ಊರಿಗೆ ಗೊತ್ತು,
ಸಿಂಬಿಯನ್ನು ಯಾರೂ ಮಾತಾಡಿಸುವುದಿಲ್ಲ.

ಆಕೆ ಮೂಗು ಒರೆಸಿಕೊಂಡು ಶುಂಠಿ ನೀರು ಕುಡಿದಳು.
"ಆಗಲೇ ಹಾಡಿದ್ದನ್ನು ಬಲಗಿವಿಗೆ ಕೊಡು.
ಅದು ಅವಳದು ಅಂತಿಟ್ಟುಕೋ."
ಹಾಡಿದಳು. ಎರಡನೆಯದು ಕೂದಲೆಳೆಯಷ್ಟು ತಡ,
ಬಾಗಿಲಲ್ಲಿ ಮೊದಲು ಹೋಗುವವಳಿಗೆ ದಾರಿ ಬಿಟ್ಟ ಹಾಗೆ.

"ಹಿಂದೆ ಬಿತ್ತು, ಎಳೆದು ಕೂಡಿಸು" ಎಂದ ನಿರ್ಮಾಪಕ.
ಬೆರಳಿನ ಒಂದು ಎಳೆತ, ಅಷ್ಟೇ.
ಎಳೆದೆ ಅಂದೆ.
ಎಳೆಯಲಿಲ್ಲ.

ಹಾಡು ಈಗ ಔಷಧಿ ಅಂಗಡಿಯಲ್ಲೂ ಬರುತ್ತದೆ.
ಕೆಮ್ಮಿನ ಸಿರಪ್ಪಿನ ಮುಂದೆ ನಿಂತು ಕೇಳಿದ್ದೇನೆ,
ಎರಡನೆಯ ನಿಮಿಷ ದಾಟಿ, ಗಿಟಾರು ತಗ್ಗುವಲ್ಲಿ.
ಪಕ್ಕದ ಮುದುಕ ಬಟಾಣಿ ಡಬ್ಬಿಯ ಬೆಲೆ ಓದುತ್ತಿದ್ದ.

ಆ ದಿನದ ಬಿಲ್ಲಿನಲ್ಲಿ ಆಕೆಯ ದುಂಡಕ್ಷರ:
ಗಂಟೆ ಒಂದೂವರೆ. ದನಿ ಎರಡು.
ಲೆಕ್ಕದವನು ಫೋನು ಮಾಡಿದ,
ಬಂದದ್ದು ಒಬ್ಬರೇ ತಾನೆ?
ತಡಿಯಪ್ಪ, ರೈಲು ಬಂತು, ಅಂದೆ.